ನೊಣ ‘ಆಗ್ತಾ ಹೋಗುವುದಕ್ಕೆ’ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಎರಡು, ಆದರೆ ಒಂದು ಸಿಕ್ಕರೂ ನನ್ನ ಕೆಲಸ ನಡೆಯುತ್ತದೆ.

ವಿಷಯ ಇಷ್ಟೇ. ಧಾರವಾಡದಲ್ಲಿ ನಾವು ಐದಾರು ಗೆಳೆಯರು ಹಳೆಯ ಸಿನಿಮಾ ನೋಡುತ್ತೇವೆ, ತಿಂಗಳಿಗೊಮ್ಮೆ ನಾಲ್ಕು ಪುಟ ಬರೆದು ಝೆರಾಕ್ಸ್ ಮಾಡಿಸಿ ನಮ್ಮನಮ್ಮಲ್ಲೇ ಹಂಚಿಕೊಳ್ಳುತ್ತೇವೆ. ಈ ಸಲ ನನ್ನ ಪಾಳಿ. ಹುಬ್ಬಳ್ಳಿಯ ದುರ್ಗದಬೈಲಿನ ಕಡೆ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ‘ದಿ ಫ್ಲೈ’ ಸಿನಿಮಾದ ಡಿವಿಡಿ ಸಿಕ್ಕಿತು. ಡೇವಿಡ್ ಕ್ರೋನೆನ್‌ಬರ್ಗ್ 1986ರಲ್ಲಿ ಮಾಡಿದ್ದು. ಡಿವಿಡಿ 2005ರ ಎರಡು ಡಿಸ್ಕಿನ ಆವೃತ್ತಿ. ಡಬ್ಬಿಯ ಮೂಲೆ ಒಡೆದಿತ್ತು, ಡಿಸ್ಕ್ ಮಾತ್ರ ಗೀರಿಲ್ಲದೆ ಕನ್ನಡಿ ಇದ್ದಂತೆ ಇತ್ತು. ಯಾರೋ ಒಮ್ಮೆ ನೋಡಿ, ಇನ್ನೊಮ್ಮೆ ನೋಡುವ ಧೈರ್ಯ ಆಗದೆ ಎತ್ತಿಟ್ಟಿರಬೇಕು.

ನೋಡಿದೆ. ಬರೆಯೋಕೆ ಕೂತೆ. ಮೊದಲ ಸಾಲಿಗೇ ಸಿಕ್ಕಿಹಾಕಿಕೊಂಡೆ.

ನೋಡದವರಿಗೆ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಸೆತ್ ಬ್ರಂಡಲ್ ಅಂತ ಒಬ್ಬ ವಿಜ್ಞಾನಿ, ಜೆಫ್ ಗೋಲ್ಡ್‌ಬ್ಲಮ್ ಆ ಪಾತ್ರ ಮಾಡಿದ್ದಾರೆ. ಒಂದು ಯಂತ್ರದ ಗೂಡಿನಲ್ಲಿಟ್ಟ ವಸ್ತುವನ್ನು ಕರಗಿಸಿ ಇನ್ನೊಂದು ಗೂಡಿನಲ್ಲಿ ಮತ್ತೆ ಕಟ್ಟುವ ಸಾಧನ ಕಂಡುಹಿಡಿದಿರುತ್ತಾನೆ. ಒಂದು ರಾತ್ರಿ ಕುಡಿದು, ಹೊಟ್ಟೆಕಿಚ್ಚಿನಲ್ಲಿ ತಾನೇ ಒಳಗೆ ಹೋಗಿ ಕೂರುತ್ತಾನೆ. ಅವನ ಜೊತೆ ಒಂದು ನೊಣವೂ ಒಳಗೆ ಹೋಗಿರುತ್ತದೆ. ಗೂಡಿನಲ್ಲಿ ಇರುವುದು ಒಂದು ಜೀವವೋ ಎರಡೋ ಅನ್ನುವುದು ಕಂಪ್ಯೂಟರಿಗೆ ಗೊಂದಲವಾಗಿ, ಎರಡನ್ನೂ ಸೇರಿಸಿ ಒಂದು ಮಾಡಿ ಆಚೆ ಕಳಿಸುತ್ತದೆ. ಹೊರಗೆ ಬಂದಾಗ ಅವನು ಅವನ ಹಾಗೆಯೇ ಇರುತ್ತಾನೆ. ಆಮೇಲೆ ದಿನ ಕಳೆದ ಹಾಗೆ ನೊಣ ಆಗ್ತಾ ಹೋಗುತ್ತಾನೆ.

ಈ ‘ಆಗ್ತಾ ಹೋಗುತ್ತಾನೆ’ ಅನ್ನುವುದರಲ್ಲೇ ಸಿನಿಮಾ ಇದೆ. ಕಾಫ್ಕಾನ 1915ರ ಕಥೆಯಲ್ಲಿ ಬೆಳಗಾಗುವಷ್ಟರಲ್ಲಿ ಗ್ರೆಗರ್ ಹುಳು ಆಗಿಬಿಟ್ಟಿರುತ್ತಾನೆ. ಆಗಿ‘ಬಿಟ್ಟ’, ಮುಗಿಯಿತು, ಇನ್ನು ಮುಂದಿನದು ಮನೆಯವರ ಪಾಡು. ಇಲ್ಲಿ ಬಿಡುವುದಿಲ್ಲ, ಹೋಗುತ್ತಲೇ ಇರುತ್ತದೆ. ‘ಬಿಡು’ ಮತ್ತು ‘ಹೋಗು’ ಎಂಬ ಎರಡು ಪುಟ್ಟ ಕ್ರಿಯಾಪದಗಳಲ್ಲಿ ಕನ್ನಡ ಇಷ್ಟು ಚೆನ್ನಾಗಿ ತೋರಿಸುವ ವ್ಯತ್ಯಾಸಕ್ಕೆ ಒಂದು ನಾಮಪದ ಕೊಡು ಅಂದರೆ ಮಾತ್ರ ತಡವರಿಸುತ್ತದೆ.

ಮೊದಲ ತೊಡಕು ಸಿನಿಮಾದ ಜಾತಿಯದು. ಬಾಡಿ ಹಾರರ್ ಅಂತ ಇಂಗ್ಲಿಷಿನವರು ಕರೆಯುವುದನ್ನು ನಾವು ಏನನ್ನಬೇಕು? ನಮ್ಮಲ್ಲಿ ಹಾರರ್ ಅಂದರೆ ದೆವ್ವದ ಪಿಚ್ಚರ್, ಅಲ್ಲಿಗೆ ಮುಗಿಯಿತು. ಬಿಳಿ ಸೀರೆ, ಬಾಗಿಲ ಕಿರ್ರ್ ಸದ್ದು, ಮೈಮೇಲೆ ಬರುವುದು. ಇಲ್ಲಿ ದೆವ್ವ ಇಲ್ಲ. ಮೈಮೇಲೆ ಯಾವುದೂ ಬರುವುದಿಲ್ಲ, ಮೈಯೇ ಬರುತ್ತದೆ. ‘ದೇಹಭೀತಿ’ ಅಂತ ಒಬ್ಬ ಗೆಳೆಯ ಸೂಚಿಸಿದ. ಕೇಳಿದರೆ ಯಾವುದೋ ಕಾಯಿಲೆಯ ಹೆಸರಿನ ಹಾಗಿದೆ, ಜಲಭೀತಿ ಇದ್ದ ಹಾಗೆ. ‘ಭಯಾನಕ’ ಸಾಲದು, ಹುಲಿ ಕಂಡರೂ ಭಯಾನಕವೇ. ನಮ್ಮ ಹಳೆಯ ರಸಗಳ ಪಟ್ಟಿಯಲ್ಲಿ ಭಯಾನಕದ ಪಕ್ಕದಲ್ಲೇ ‘ಬೀಭತ್ಸ’ ಇದೆ, ಅದರ ಸ್ಥಾಯಿಭಾವ ಜುಗುಪ್ಸೆ. ಲೆಕ್ಕಕ್ಕೆ ಸರಿಯಾಗಿ ಹೊಂದಬೇಕಿತ್ತು. ಆದರೆ ಬೀಭತ್ಸ ಈಗ ಪೇಪರಿನವರ ಕೈಗೆ ಸಿಕ್ಕಿ ಬರೀ ಕೊಲೆಗೆ ಅಂಟಿಕೊಂಡಿದೆ. ಜುಗುಪ್ಸೆಯ ಪಾಡಂತೂ ಕೇಳಲೇಬೇಡಿ. ಇಂದು ಆ ಪದ ಕೇಳಿದರೆ ಯಾರಿಗೂ ವಾಕರಿಕೆ ನೆನಪಾಗುವುದಿಲ್ಲ, ಬದುಕು ಬೇಸರವಾದದ್ದು ನೆನಪಾಗುತ್ತದೆ. ಪದಕ್ಕೇ ಹೀಗೆ ಮೈ ಬದಲಾದರೆ ನಾನೇನು ಮಾಡಲಿ?

ಉಳಿದದ್ದು ಹೇಸಿಗೆ. ಇದು ನನಗೆ ಇಷ್ಟ. ‘ಹೇಸು’ ಅನ್ನುವುದರಲ್ಲಿ ಹಿಂದೆ ಸರಿಯುವುದಿದೆ, ಮೂಗು ಮುಚ್ಚುವುದಿದೆ, ಜೊತೆಗೆ ಸ್ವಲ್ಪ ನಾಚಿಕೆಯೂ ಇದೆ. ಬ್ರಂಡಲ್‌ನ ಪ್ರೇಯಸಿ ವೆರೊನಿಕಾ, ಅಂದರೆ ಜೀನಾ ಡೇವಿಸ್, ಅವನನ್ನು ನೋಡುವ ನೋಟದಲ್ಲಿ ಇವೆಲ್ಲವೂ ಇವೆ, ಪ್ರೀತಿಯೂ ಇದೆ. ಆದರೆ ‘ಹೇಸಿಗೆ ಸಿನಿಮಾ’ ಅಂತ ತಲೆಬರಹ ಕೊಟ್ಟರೆ ಓದಿದವರು ಬೇರೇನೋ ತಿಳಿದುಕೊಳ್ಳುತ್ತಾರೆ. ನಮ್ಮ ಕಡೆ ‘ಹೊಲಸು ಪಿಚ್ಚರ್’ ಅಂದರಂತೂ ಮುಗಿದೇ ಹೋಯಿತು, ಮನೆಗೆ ಬಂದು ಬೈಯುತ್ತಾರೆ.

ಎರಡನೆಯ ತೊಡಕು ದೊಡ್ಡದು. ಆ ಬದಲಾವಣೆಗೆ ಏನನ್ನಬೇಕು? ತಟ್ಟನೆ ಬಾಯಿಗೆ ಬರುವುದು ‘ರೂಪಾಂತರ’. ಅದೇ ಹಾಕು ಸುಮ್ನೆ, ಯಾಕೆ ತಲೆ ಕೆಡಿಸಿಕೊಳ್ಳುತ್ತೀ ಅಂತ ಗೆಳೆಯರು ಅಂದರು. ನನಗೆ ಒಪ್ಪಿಗೆ ಇಲ್ಲ. ರೂಪಾಂತರ ಅಂದರೆ ನಾಟಕದ ಕರಪತ್ರ ನೆನಪಾಗುತ್ತದೆ, ಮೂಲ ಇಂಥವರು, ರೂಪಾಂತರ ಇಂಥವರು ಅಂತ. ಕೊರೊನಾ ಕಾಲದಲ್ಲಿ ‘ರೂಪಾಂತರಿ’ ಅಂತ ಟಿವಿಯವರು ದಿನಾ ಹೇಳಿ ಹೇಳಿ ಅದಕ್ಕೆ ಇನ್ನೊಂದು ಬಣ್ಣ ಬಂತು. ಅದಕ್ಕಿಂತ ಮುಖ್ಯ, ಅದು ಹೊರಗೆ ನಿಂತು ನೋಡಿದವರ ಪದ. ರೂಪ ಕಾಣುವುದು ನೋಡುವವನಿಗೆ. ಆಗುತ್ತಿರುವವನಿಗೆ ರೂಪ ಎಲ್ಲಿ ಕಾಣುತ್ತದೆ? ಅವನಿಗೆ ಬೆನ್ನಿನ ಮೇಲೆ ಒರಟು ಕೂದಲು ಚುಚ್ಚುತ್ತದೆ, ಉಗುರು ಸಡಿಲ ಅನ್ನಿಸುತ್ತದೆ, ಸಿಹಿ ಬೇಕು ಬೇಕು ಅನ್ನಿಸುತ್ತದೆ.

ಸಿಹಿ ಅಂದಾಗ ನೆನಪಾಯಿತು. ಸಿನಿಮಾದ ನಡುಭಾಗದಲ್ಲಿ ಅವನು ಕಾಫಿಗೆ ಚಮಚದ ಮೇಲೆ ಚಮಚ ಸಕ್ಕರೆ ಸುರಿಯುತ್ತಲೇ ಇರುತ್ತಾನೆ. ಮೈಯಲ್ಲಿ ಕಸುವು ತುಂಬಿರುತ್ತದೆ, ಕಂಬಿ ಹಿಡಿದು ಲಾಗ ಹಾಕುತ್ತಾನೆ. ಯಂತ್ರ ನನ್ನನ್ನು ಶುದ್ಧ ಮಾಡಿದೆ ಅಂತ ಅವನ ನಂಬಿಕೆ. ಈ ಭಾಗಕ್ಕೆ ಮಾತ್ರ ನಮ್ಮಲ್ಲಿ ಅಚ್ಚುಕಟ್ಟಾದ ಪದ ಇದೆ, ಕಾಯಕಲ್ಪ, ಅಂದರೆ ಹಳೆಯ ಮೈಯನ್ನು ಹೊಸದು ಮಾಡಿಕೊಳ್ಳುವುದು. ಅವನು ಅಂದುಕೊಂಡದ್ದು ಕಾಯಕಲ್ಪ, ಆದದ್ದು ಬೇರೆ. ಆದರೆ ಇವತ್ತು ಕಾಯಕಲ್ಪ ಅಂತ ಬರೆದರೆ ಓದುಗರು ಬಸ್ ನಿಲ್ದಾಣಕ್ಕೋ ಕೆರೆಗೋ ದುಡ್ಡು ಮಂಜೂರಾಯಿತು ಅಂದುಕೊಳ್ಳುತ್ತಾರೆ, ಅಲ್ವಾ?

‘ಪರಕಾಯ ಪ್ರವೇಶ’ ಅಂದ ಇನ್ನೊಬ್ಬ. ಅದು ತಿರುಗುಮುರುಗು. ಅಲ್ಲಿ ಜೀವ ಇನ್ನೊಂದು ಮೈಗೆ ಹೋಗುತ್ತದೆ, ಇಲ್ಲಿ ಇನ್ನೊಂದರ ಮೈ ಇವನ ಮೈಯೊಳಗೆ ಹೊಕ್ಕಿದೆ. ನಮ್ಮ ಸುದೀಪ್ ಖಳನಾಗಿದ್ದ 2012ರ ತೆಲುಗು ‘ಈಗ’ ಇಲ್ಲೂ ಬಹಳ ಜನ ನೋಡಿದ್ದಾರೆ. ಅದರಲ್ಲಿ ನಾಯಕ ಸತ್ತು ನೊಣ ಆಗಿ ಹುಟ್ಟುತ್ತಾನೆ, ನಾವು ಸೀಟಿ ಹೊಡೆಯುತ್ತೇವೆ. ಪುನರ್ಜನ್ಮ ಅಂದರೆ ನಮಗೆ ಅಂಜಿಕೆ ಇಲ್ಲ, ನಡುವೆ ಸಾವು ಅಂತ ಒಂದು ಗೋಡೆ ಇರುತ್ತದೆ. ಸಾಯದೇ, ಎಚ್ಚರ ಇದ್ದುಕೊಂಡೇ ಗೋಡೆ ದಾಟಬೇಕು ಅಂದರೆ ಅಂಜಿಕೆ.

‘ವಿರೂಪ’ವನ್ನೂ ಯೋಚಿಸಿದೆ. ಕಾಗಿನೆಲೆಯ ಕನಕದಾಸರ ನಳಚರಿತ್ರೆ ನೆನಪಾಗಿ ಆ ಕಡೆ ಹೋದೆ. ಕಾರ್ಕೋಟಕ ಕಚ್ಚಿದ ಮೇಲೆ ನಳ ಗುರುತು ಸಿಗದ ಹಾಗೆ ವಿಕಾರವಾಗಿ ಬಾಹುಕನಾಗುತ್ತಾನಲ್ಲ, ಅದೂ ಮೈ ಬದಲಾದ ಕಥೆಯೇ. ಆದರೆ ಅಲ್ಲಿ ಬದಲಾಗುವುದು ತೊಗಲು ಮಾತ್ರ. ಒಳಗಿನ ನಳ ನಳನೇ, ಅವನ ಅಡುಗೆಯ ರುಚಿ ಹಿಡಿದು ದಮಯಂತಿ ಗುರುತಿಸುತ್ತಾಳೆ. ಬ್ರಂಡಲ್‌ಗೆ ಆ ಆಸರೆಯೂ ಇಲ್ಲ. ಅವನ ರುಚಿಯೇ ಬದಲಾಗುತ್ತದೆ. ಉಣ್ಣುವ ಮೊದಲು ತಿನಿಸಿನ ಮೇಲೆ ಕಾರಿ, ಅದನ್ನು ಕರಗಿಸಿ ಹೀರಬೇಕು. ನೊಣ ನಿಜವಾಗಿಯೂ ಹಾಗೆಯೇ ಉಣ್ಣುತ್ತದೆ, ಗಟ್ಟಿ ಪದಾರ್ಥ ಅದಕ್ಕೆ ನುಂಗಲು ಬರುವುದಿಲ್ಲ. ನಮ್ಮ ಫೇಡೆಯ ಮೇಲೆ ಕೂತಾಗ ಏನು ಮಾಡಿರುತ್ತದೆ ಅಂತ ಈಗ ಯೋಚಿಸಬೇಡಿ.

ಹೀಗೆ ಪದಗಳನ್ನು ಒಂದೊಂದಾಗಿ ಗೀಚಿ ಹೊಡೆದುಹಾಕುತ್ತಾ ಕೂತಿದ್ದಾಗ ನಮ್ಮ ಚಿಗವ್ವ ಬಂದಳು. ಹಾವೇರಿ ಜಿಲ್ಲೆಯ ಹಳ್ಳಿಯವಳು, ಎಪ್ಪತ್ತರ ಹತ್ತಿರ. ಕಣ್ಣು ತೋರಿಸಿಕೊಳ್ಳಲು ಬಂದು ನಮ್ಮಲ್ಲಿ ನಾಲ್ಕು ದಿನ ಇದ್ದಳು. ಹದಿನೈದಿಪ್ಪತ್ತು ವರ್ಷ ಹಿಪ್ಪುನೇರಳೆ ಹಾಕಿ, ಮನೆಯಲ್ಲೇ ರೇಷ್ಮೆ ಹುಳು ಸಾಕಿದವಳು. ನಾನು ಡಿಸ್ಕ್ ಎರಡನೇ ಸಲ ಹಾಕಿದ್ದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೂತಳು.

“ಯಾವ ಪಿಚ್ಚರೋ ಇದು?”

“ನೊಣ ಅಂತ ಚಿಗವ್ವಾ. ಒಬ್ಬ ಮನಿಷಾ ನೊಣ ಆಗ್ತಾನ.”

“ನೊಣಾ? ಊಜಿ ನೊಣ ಏನ?”

ಊಜಿ ನೊಣ ಅಂದರೆ ಏನು ಅಂತ ರೇಷ್ಮೆ ಸಾಕಿದವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ, ಊಟದ ಹೊತ್ತಿನಲ್ಲಿ ಓದುತ್ತಿದ್ದರೆ ಈ ಪ್ಯಾರಾ ಬಿಡಿ. ಮನೆ ನೊಣಕ್ಕಿಂತ ದೊಡ್ಡದು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ಹೇಗೋ ನಮ್ಮ ರಾಜ್ಯಕ್ಕೆ ಬಂತು. ರೇಷ್ಮೆ ಹುಳುವಿನ ಮೈಮೇಲೆ ಬಿಳಿ ಚುಕ್ಕಿಯಷ್ಟು ಮೊಟ್ಟೆ ಇಡುತ್ತದೆ. ಮರಿ ತೊಗಲು ಕೊರೆದು ಒಳಗೆ ಹೋಗುತ್ತದೆ, ಹೋದ ಜಾಗದಲ್ಲಿ ಕಪ್ಪು ಮಚ್ಚೆ ಉಳಿಯುತ್ತದೆ. ಒಳಗೆ ಕೂತು ಹುಳುವನ್ನೇ ತಿನ್ನುತ್ತಾ ಬೆಳೆಯುತ್ತದೆ. ಹುಳು ಬಲಿತಿದ್ದರೆ ಪಾಪ ಗೂಡನ್ನೂ ಕಟ್ಟುತ್ತದೆ. ಆಮೇಲೆ ಒಳಗಿನಿಂದ ನೊಣದ ಮರಿ ಗೂಡು ತೂತು ಮಾಡಿಕೊಂಡು ಹೊರಗೆ ಬೀಳುತ್ತದೆ. ತೂತಾದ ಗೂಡಿಗೆ ಮಾರ್ಕೆಟ್ಟಿನಲ್ಲಿ ಬೆಲೆ ಇಲ್ಲ, ಎಳೆ ಸರಿಯಾಗಿ ಬಿಚ್ಚಿ ಬರುವುದಿಲ್ಲ. ಕ್ರೋನೆನ್‌ಬರ್ಗ್ ನಮ್ಮ ಚಿಗವ್ವನ ಹುಳುಮನೆ ನೋಡಿದ್ದರೆ ಇನ್ನೊಂದು ಸಿನಿಮಾ ಮಾಡುತ್ತಿದ್ದ.

ಅವಳು ಅರ್ಧ ಗಂಟೆ ಸುಮ್ಮನೆ ನೋಡಿದಳು. ಬ್ರಂಡಲ್ ಉಣ್ಣೋದು ಬಿಟ್ಟು, ಮುಖ ಗಂಟುಗಂಟಾಗಿ, ಒಬ್ಬನೇ ಮೂಲೆ ಸೇರಿದ ದೃಶ್ಯ ಬಂತು. ಇವಳು ಕಾಯಿ ಬಿಡಿಸುವುದು ನಿಲ್ಲಿಸದೆ ಅಂದಳು:

“ಇಂವ ಜ್ವರಕ್ಕ ಕುಂತಾನ ನೋಡು. ಈಗ ಮುಟ್ಟಬಾರ್ದು.”

ನಾನು ಡಿಸ್ಕ್ ನಿಲ್ಲಿಸಿದೆ.

ರೇಷ್ಮೆ ಹುಳು ತನ್ನ ಜೀವನದಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲ ಅದಕ್ಕೆ ‘ಜ್ವರ’ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ರಾಮನಗರ, ಕೋಲಾರದ ಕಡೆಯೂ ಇದೇ ಮಾತು, ರೇಷ್ಮೆ ಇಲಾಖೆಯ ಪುಸ್ತಕಗಳಲ್ಲೂ ಇದೇ ಇದೆ. ನಮ್ಮ ಕಡೆ ಹಿಪ್ಪುನೇರಳೆ ಜೊತೆಗೇ ಈ ಮಾತೂ ಬಂದಿರಬೇಕು. ಹುಳು ಸೊಪ್ಪು ತಿನ್ನುವುದು ಬಿಡುತ್ತದೆ, ತಲೆ ಎತ್ತಿ ಅಲುಗಾಡದೆ ಕೂರುತ್ತದೆ. ಇದು ‘ಜ್ವರಕ್ಕೆ ಕೂರುವುದು’. ಸುಮಾರು ಒಂದು ದಿನ ಹಾಗೇ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಗಾಳಿ ಆಡಬೇಕು, ಹಾಸು ಒಣಗಿರಲಿ ಅಂತ ಸುಣ್ಣದ ಪುಡಿ ಉದುರಿಸುತ್ತಾರೆ. ಹಳೆಯ ತೊಗಲು ಕಳಚಿಕೊಂಡು ಮತ್ತೆ ಚಲಿಸಲು ಶುರು ಮಾಡಿದರೆ ‘ಜ್ವರದಿಂದ ಎದ್ದಿತು’. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಸದ್ದು ಕೇಳುವಷ್ಟು ತಿನ್ನುತ್ತದೆ, ಮೈ ಪಾರದರ್ಶಕ ಆಗುತ್ತದೆ. ಅದಕ್ಕೆ ‘ಹಣ್ಣಾಯಿತು’ ಅನ್ನುತ್ತಾರೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲೆಂದೇ ಹೆಣೆದ ತಟ್ಟೆಗೆ ಬಿಡುತ್ತಾರೆ, ಅಲ್ಲಿ ಗೂಡು ಕಟ್ಟುತ್ತದೆ. ಮೊಟ್ಟೆ ಒಡೆದು ಬಂದಾಗ ಇದ್ದದ್ದಕ್ಕಿಂತ ಅದರ ತೂಕ ಆ ಹೊತ್ತಿಗೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುತ್ತದೆ, ಅದೂ ಇಪ್ಪತ್ತೈದು ದಿನದ ಆಚೀಚೆ.

ಈಗ ಸಿನಿಮಾಕ್ಕೆ ಬನ್ನಿ. ಬ್ರಂಡಲ್ ತನಗೆ ಏನೋ ರೋಗ ಬಂದಿದೆ ಅಂತ ಮೊದಲು ತಿಳಿಯುತ್ತಾನೆ. ಆಮೇಲೆ ತಾನೇ ತಿದ್ದಿಕೊಳ್ಳುತ್ತಾನೆ. ಇದು ರೋಗವೇ, ಆದರೆ ಇದಕ್ಕೂ ಒಂದು ಗುರಿ ಇದೆ, ನನ್ನನ್ನು ಬೇರೆ ಏನೋ ಮಾಡಲು ಹೊರಟಿದೆ ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಗುರಿ ಇರುವ ರೋಗ. ನಮ್ಮ ರೇಷ್ಮೆಯವರು ‘ಜ್ವರ’ ಅಂದಾಗ ಹೇಳುವುದೂ ಅದನ್ನೇ ಅಲ್ವಾ? ಹುಳುವಿಗೆ ನಿಜವಾದ ರೋಗಗಳೂ ಬರುತ್ತವೆ, ಅವಕ್ಕೆ ಬೇರೆ ಹೆಸರುಗಳಿವೆ: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟುರೋಗ. ಅವು ಬಂದರೆ ಹುಳು ಸಾಯುತ್ತದೆ. ಜ್ವರ ಬಂದರೆ ದಾಟುತ್ತದೆ. ನೋಡಲು ಎರಡೂ ಒಂದೇ ಥರ, ಉಣ್ಣುವುದಿಲ್ಲ, ಅಲುಗುವುದಿಲ್ಲ. ಯಾವುದು ಅಂತ ಗುರುತಿಸುವುದೇ ಸಾಕುವವರ ಜಾಣತನ. ಅವನಿಗೆ ಬಂದದ್ದು ಜ್ವರವೋ ಗಂಟುರೋಗವೋ ಅನ್ನುವುದೇ ಸಿನಿಮಾದ ಪ್ರಶ್ನೆ, ವೆರೊನಿಕಾ ನೋಡುತ್ತಾ ಕೂರುವುದೂ ಅದಕ್ಕೇ.

ಹಾಗಾಗಿ ನನ್ನ ಒಲವು ‘ಜ್ವರ’ದ ಕಡೆ ಇದೆ. ತೊಡಕು ಗೊತ್ತಿದೆ. ಹುಳು ಸಾಕದವರಿಗೆ ಜ್ವರ ಅಂದರೆ ಮಾತ್ರೆ ತಗೊಳ್ಳುವ ಜ್ವರವೇ. ‘ಜ್ವರಕ್ಕೆ ಕೂರು’ ಅಂತ ಪೂರ್ತಿ ಬರೆದರೆ ಬೇರೆಯೇ ಅನ್ನಿಸಿ ಓದುಗ ಒಂದು ಕ್ಷಣ ನಿಲ್ಲುತ್ತಾನೆ ಅಂತ ನನ್ನ ಎಣಿಕೆ. ‘ಮೈ ನೆರೆ’ ಅನ್ನುವುದೂ ಇದೆ, ಅದೂ ಮೈ ತಾನಾಗಿ ಬದಲಾಗುವುದಕ್ಕೇ ಇರುವ ಮಾತು. ಆದರೆ ಅದು ಹುಡುಗಿಯರದ್ದಾಗಿ ಗಟ್ಟಿಯಾಗಿದೆ, ಅಲ್ಲಿಂದ ಎಳೆದು ತರುವುದು ಸರಿಯಲ್ಲ.

ಮೂರನೆಯದು ಕೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳುತ್ತೇನೆ. ಕೊನೆಗೆ ಆದ ಪ್ರಾಣಿಗೆ ಏನು ಹೆಸರು? ಅವನೇ ತನಗೆ ‘ಬ್ರಂಡಲ್‌ಫ್ಲೈ’ ಅಂತ ಇಟ್ಟುಕೊಳ್ಳುತ್ತಾನೆ. ‘ನರನೊಣ’ ಅಂತ ಬರೆದು ನೋಡಿದೆ. ಬರೆದ ಕೂಡಲೇ ಹೈಸ್ಕೂಲಿನ ಕನ್ನಡ ಮಾಸ್ತರ ಬೆತ್ತ ಕಂಡಿತು. ನರ ಸಂಸ್ಕೃತ, ನೊಣ ಕನ್ನಡ, ಎರಡನ್ನೂ ಸೇರಿಸಿದರೆ ಅರಿಸಮಾಸ, ಕೂಡದು. ಆಮೇಲೆ ಯೋಚಿಸಿದೆ, ಇದಕ್ಕಿಂತ ಒಳ್ಳೆಯದು ಏನಿದೆ? ಕೂಡಬಾರದ ಎರಡು ಕೂಡಿದ್ದಕ್ಕೆ ವೈಯಾಕರಣರು ಕೊಟ್ಟ ಹೆಸರೇ ಅರಿಸಮಾಸ, ಅಂದರೆ ಹಗೆಗಳ ಕೂಟ. ಹಳಗನ್ನಡಕ್ಕೆ ವ್ಯಾಕರಣ ಬರೆದ ಕೇಶಿರಾಜನೂ ಬಿರುದಾವಳಿಯಂಥ ಕೆಲವು ಕಡೆ ವಿನಾಯಿತಿ ಕೊಟ್ಟಿದ್ದ. ನಾವು ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವಾಗ ಎಳ್ಳಿಗೂ ಅಮಾವಾಸ್ಯೆಗೂ ಜಗಳ ಆದದ್ದನ್ನು ಯಾರೂ ಕಂಡಿಲ್ಲ. ನರನೊಣ ಇರಲಿ ಬಿಡಿ.

‘ಬೆರಕೆ’ ಅನ್ನಬಹುದಿತ್ತು, ಕಲಬೆರಕೆಯ ವಾಸನೆ ಹೊಡೆಯುತ್ತದೆ. ‘ಹೈಬ್ರಿಡ್’ ಅಂದರೆ ನಮ್ಮ ಕಡೆ ಬೈಗುಳವೇ ಅಲ್ಲ. 1972ರಲ್ಲಿ ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಎರಡು ಬೇರೆ ಬೇರೆ ಜಾತಿಯ ಹತ್ತಿ ಸೇರಿಸಿ ಒಂದು ತಳಿ ಮಾಡಿದರು. ಅದಕ್ಕೆ ಇಟ್ಟ ಹೆಸರು ವರಲಕ್ಷ್ಮಿ. ಎರಡು ಜೀವಜಾತಿ ಕೂಡಿದರೆ ಅಲ್ಲಿ ಬ್ರಂಡಲ್‌ಫ್ಲೈ, ಇಲ್ಲಿ ವರಲಕ್ಷ್ಮಿ!

ಸಿನಿಮಾದ ಮೊದಲ ಆವೃತ್ತಿ 1958ರದ್ದು. ಅದರಲ್ಲಿ ಬೆರಕೆ ಇಲ್ಲ, ಅದಲುಬದಲು. ಮನುಷ್ಯನಿಗೆ ನೊಣದ ತಲೆ, ನೊಣಕ್ಕೆ ಮನುಷ್ಯನದು. ಕಾರ್ನಾಡರ ‘ಹಯವದನ’ ಕಂಡ ಧಾರವಾಡದವರಿಗೆ ತಲೆ ಬದಲಾಗುವುದು ಹೊಸದಲ್ಲ, ಅಲ್ಲಿನ ಜಗಳ ಯಾರ ತಲೆ ಯಾರ ಮೈ ಅನ್ನುವುದು. 1986ರದ್ದರಲ್ಲಿ ಆ ಜಗಳಕ್ಕೂ ಜಾಗ ಇಲ್ಲ, ಗೆರೆ ಎಳೆಯೋಕೆ ಆಗುವುದೇ ಇಲ್ಲ. ಇದಕ್ಕೆ ಹತ್ತಿರ ಇರುವುದು ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹೂವಿನ ಗಿಡವಾಗುವ ಹುಡುಗಿಯ ಕಥೆ, ಕಾರ್ನಾಡರು ಅದನ್ನೇ 1992ರಲ್ಲಿ ‘ಚೆಲುವಿ’ ಸಿನಿಮಾ ಮಾಡಿದರು. ಒಂದು ಕೊಡ ನೀರು ಸುರಿದರೆ ಹುಡುಗಿ ಗಿಡ ಆಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಟೊಂಗೆ ಮುರಿದು, ನೀರು ಸರಿಯಾಗಿ ಸುರಿಯದೆ ಬಿಟ್ಟುಹೋದಾಗ ಅವಳು ಅತ್ತ ಗಿಡವೂ ಅಲ್ಲ ಇತ್ತ ಹೆಣ್ಣೂ ಅಲ್ಲದೆ, ಕೈಕಾಲಿಲ್ಲದ ಒಂದು ತುಂಡಾಗಿ ಉಳಿಯುತ್ತಾಳೆ. ಚಿಕ್ಕವನಿದ್ದಾಗ ಆ ಜಾಗ ಬಂದರೆ ನಾನು ಹೊದಿಕೆಯೊಳಗೆ ಹೋಗುತ್ತಿದ್ದೆ. ಅದನ್ನು ಯಾರೂ ಭಯಾನಕ ಕಥೆ ಅಂತ ಕರೆದಿರಲಿಲ್ಲ, ಅಡುಗೆಮನೆಯಲ್ಲಿ ಹೇಳುವ ಕಥೆ ಅದು.

ಇನ್ನೊಂದು ಚಿಕ್ಕ ಸಂಶಯ, ಕ್ರಿಯಾಪದದ್ದು. ಬ್ರಂಡಲ್ ತನ್ನ ಮೈಯಿಂದ ಹೋದದ್ದನ್ನೆಲ್ಲ ಔಷಧದ ಕಪಾಟಿನಲ್ಲಿ ಸಾಲಾಗಿ ಇಟ್ಟುಕೊಂಡಿರುತ್ತಾನೆ, ಮ್ಯೂಸಿಯಮ್ಮಿನ ಹಾಗೆ. ಕನ್ನಡದಲ್ಲಿ ಕೂದಲು ಉದುರುತ್ತದೆ, ಹಲ್ಲು ಬೀಳುತ್ತದೆ, ಉಗುರು ಕಿತ್ತು ಬರುತ್ತದೆ. ಕಿವಿ ಏನಾಗುತ್ತದೆ? ನಮ್ಮ ನುಡಿಗೆ ಕಿವಿ ಹೋಗುವುದು ಅಂದರೆ ಕೇಳಿಸದೇ ಇರುವುದು. ‘ಕಳಚಿ ಬಿತ್ತು’ ಅಂತ ಬರೆದಿದ್ದೇನೆ, ಓಲೆ ಕಳಚಿ ಬಿದ್ದ ಹಾಗೆ ಕೇಳುತ್ತದೆ. ಮೇಲಾದದ್ದು ಇದ್ದರೆ ಹೇಳಿ.

ಡಿಸ್ಕ್ ಬಗ್ಗೆ ಎರಡೇ ಮಾತು, ಇದು ಪದಚರ್ಚೆಯಾದ್ದರಿಂದ. ಚಿತ್ರ ಸ್ವಚ್ಛವಾಗಿದೆ. ಕ್ರಿಸ್ ವಾಲಾಸ್ ಮತ್ತು ಸ್ಟೀಫನ್ ಡ್ಯೂಪ್ವಿಗೆ ಆಸ್ಕರ್ ತಂದ ಮೇಕಪ್ ಹಂತಹಂತವಾಗಿ ಹೇಗೆ ಏರುತ್ತದೆ ಅಂತ ಎಳೆ ಎಳೆಯಾಗಿ ಕಾಣುತ್ತದೆ. ಎರಡನೇ ಡಿಸ್ಕಿನಲ್ಲಿ ಸಿನಿಮಾದಿಂದ ತೆಗೆದುಹಾಕಿದ ಒಂದು ದೃಶ್ಯ ಇದೆ, ಮಂಗ ಮತ್ತು ಬೆಕ್ಕನ್ನು ಒಂದು ಮಾಡುವುದು. ಮೊದಲ ಪ್ರದರ್ಶನದಲ್ಲಿ ನೋಡಿದವರಿಗೆ ನಾಯಕನ ಮೇಲಿನ ಕರುಣೆಯೇ ಹೋಯಿತಂತೆ, ಅದಕ್ಕೆ ಕತ್ತರಿಸಿದರು. ಕತ್ತರಿಸಿದ್ದು ಒಳ್ಳೆಯದಾಯಿತು ಅಂತ ನನ್ನ ಅಭಿಪ್ರಾಯ. ಅಲ್ಲೇ ಇರುವ ಉದ್ದನೆಯ ಸಾಕ್ಷ್ಯಚಿತ್ರದ ಹೆಸರಿನಲ್ಲಿ ‘ಫ್ಲೆಶ್’ ಅಂತ ಇದೆ, ಮಾಂಸ ಅಂದರೆ ಊಟದ್ದು, ಖಂಡ ಅಂದರೆ ಅದೂ ಊಟದ್ದೇ. ‘ಮೈ’ ಅಂತ ಬರೆದು ಮುಂದೆ ಹೋದೆ.

ಸದ್ಯಕ್ಕೆ ನನ್ನ ಮೊದಲ ಸಾಲು ಹೀಗಿದೆ: “ಒಬ್ಬ ಮನುಷ್ಯ ಜ್ವರಕ್ಕೆ ಕೂತು, ನರನೊಣವಾಗಿ ಏಳುವ ಕಥೆ ಇದು.” ಚಾಮರಾಜನಗರ, ಶಿಡ್ಲಘಟ್ಟದ ಕಡೆಯವರು ಯಾರಾದರೂ ಇದ್ದರೆ ಹೇಳಿ, ಜ್ವರಕ್ಕೆ ಕೂತ ಹುಳು ಅರ್ಧ ಪೊರೆ ಬಿಟ್ಟು ಮುಂದೆ ಹೋಗಲಾಗದೆ ಉಳಿದರೆ ನಿಮ್ಮಲ್ಲಿ ಅದಕ್ಕೆ ಏನಂತಾರೆ? ಆ ಪದ ಸಿಕ್ಕರೆ ನನ್ನ ಕೊನೆಯ ಸಾಲೂ ಆಗುತ್ತದೆ. ಚಿಗವ್ವನನ್ನು ಕೇಳಿದೆ. ಅವಳಿಗೆ ಆ ಪದಕ್ಕಿಂತ ಬೇರೆಯದೇ ಚಿಂತೆ ಇತ್ತು.

“ಅಷ್ಟ ದೊಡ್ಡ ಮಿಷನ್ ಮಾಡ್ಯಾನ, ಕದಕ್ಕ ಒಂದ ನೈಲಾನ್ ಪರದಿ ಹಾಕಾಕ ಬರಲಿಲ್ಲೇನ ಅವಂಗ?”